ರೈಲಿನಲ್ಲಿ ಚೆಲ್ಲಿದ ಕಾಳು

ವೆನಾನ್ಸಿಯಾ ಅಜ್ಜಿಗೆ ಆಗ ಅರವತ್ತಮೂರು ವರ್ಷ. ಕಸುಲು ಗುಡ್ಡಗಳಲ್ಲಿ ನಮ್ಮ ಮನೆಯಿಂದ ಎರಡು ಬಾಳೆತೋಟ ದಾಟಿದರೆ ಅವಳ ಮನೆ. ಕಿಗೋಮಾ ಪಟ್ಟಣವನ್ನೇ ಜೀವಮಾನದಲ್ಲಿ ಎರಡು ಸಲ ಕಂಡವಳು, ಅದೂ ಆಸ್ಪತ್ರೆಗೆ ಹೋದಾಗ. ರೈಲನ್ನು ದೂರದಿಂದ ನೋಡಿದ್ದಳು, ಹತ್ತಿರಲಿಲ್ಲ. ಅಂಥವಳು ಒಬ್ಬಳೇ ದೂರದ ರಾಜಧಾನಿ ದೊಡೋಮಾಕ್ಕೆ ಹೊರಟು ನಿಂತಾಗ ನಮ್ಮ ಊರಿನವರಿಗೆ ನಗಬೇಕೋ ತಡೆಯಬೇಕೋ ತಿಳಿಯಲಿಲ್ಲ.

ಹೊರಟದ್ದು ಕಾಳಿನ ಸಲುವಾಗಿ. ನಮ್ಮಲ್ಲಿ ಬೀನ್ಸ್ ಕಾಳು ಬೇಯದ ಒಲೆಯಿಲ್ಲ. ಆದರೆ ಹತ್ತು ಹನ್ನೆರಡು ವರ್ಷದಿಂದ ಎಲ್ಲರೂ ಒಂದೇ ಜಾತಿ ಬಿತ್ತುತ್ತಿದ್ದರು. ಕೆಂಪಗೆ, ದಪ್ಪಗೆ ಇರುವ, ವ್ಯಾಪಾರಿಗಳು ಲಾರಿ ತಂದು ಕೊಂಡೊಯ್ಯುವ ಕಾಳು. ಹಳೆಯ ಜಾತಿಗಳು ಒಂದೊಂದಾಗಿ ಮಡಕೆಗಳಿಂದ ಮಾಯವಾದವು. ಅಜ್ಜಿ ಮಾತ್ರ ಬಿಡಲಿಲ್ಲ. ತಾಯಿ ಕೊಟ್ಟದ್ದು, ಅತ್ತೆ ಕೊಟ್ಟದ್ದು, ತೀರಿಕೊಂಡವರ ಮನೆಯ ಅಟ್ಟದಿಂದ ಕೇಳಿ ತಂದದ್ದು, ಬುರುಂಡಿಯಿಂದ ಓಡಿಬಂದ ಹೆಂಗಸರು ಬಟ್ಟೆಯ ಚುಂಗಿಗೆ ಗಂಟು ಹಾಕಿ ತಂದದ್ದು, ಹೀಗೆ ನಲವತ್ತೊಂದು ಜಾತಿ ಅವಳ ಹತ್ತಿರ ಇದ್ದವು. ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಒಂದೊಂದು ಸಾಲು ಬಿತ್ತಿ, ಬಲಿತ ಮೇಲೆ ಬಿಡಿಸಿ, ಹೆಸರು ಹಿಡಿದು ಎತ್ತಿಡುತ್ತಿದ್ದಳು. ಬೇಗ ಬೇಯುವ ಪುಟ್ಟ ಕಂದು ಕಾಳಿಗೆ ‘ಅತ್ತೆ ಬಂದ್ಳು’ ಎಂದು ಹೆಸರು. ನೋಡಲು ದಪ್ಪಗಿದ್ದು ಬೆಂದ ಮೇಲೆ ಕುಗ್ಗಿಹೋಗುವುದು ‘ಸುಳ್ಳುಗಾರ’. ‘ಗಿಡುಗನ ಕಣ್ಣು’, ‘ಬಾಣಂತಿ’, ‘ಕೆಸರಲ್ಲಿ ಬಿದ್ದ ಮದುಮಗಳು’. ಇದೆಲ್ಲ ಕೇಳಿ ಅವಳ ಮೈದುನ ರುಹಿಂಡಾ ನಗುತ್ತಿದ್ದ. "ಏನತ್ತಿಗೆ, ಗುಬ್ಬಿಗಳಿಗೆ ಹೋಟ್ಲು ಇಟ್ಟಿದೀಯಾ?"

ಆ ವರ್ಷ ಬೀಜದ ಇಲಾಖೆಯ ಹುಡುಗಿಯೊಬ್ಬಳು ಊರಿಗೆ ಬಂದಳು. ಅಜ್ಜಿಯ ಅಟ್ಟ ಹತ್ತಿ ಒಂದೊಂದೇ ಮಡಕೆ ಇಳಿಸಿ ನೋಡಿದಳು. ಆಮೇಲೆ, ದೊಡೋಮಾದಲ್ಲಿ ಆಗಸ್ಟ್ ಎಂಟರ ರೈತರ ಮೇಳಕ್ಕೆ ಇವನ್ನೆಲ್ಲ ತರಬೇಕು, ನಾಡಿನ ಬೀಜಗಳಿಗೇ ಈ ಸಲ ಒಂದು ಸ್ಪರ್ಧೆ ಇದೆ, ಏಳನೇ ತಾರೀಕು ಬೆಳಿಗ್ಗೆ ಹತ್ತರೊಳಗೆ ಮೇಜಿನ ಮೇಲೆ ಜೋಡಿಸಿಟ್ಟಿರಬೇಕು ಎಂದು ಹೇಳಿ, ಹೆಸರು ಬರೆದುಕೊಂಡು ಹೋದಳು. ಜೊತೆಗೆ ಬರಬೇಕಿದ್ದ ಸೊಸೆ ಹೊರಡುವ ಹಿಂದಿನ ವಾರ ಕಾಲು ಮುರಿದುಕೊಂಡಳು. ಹೋಗುವುದು ಬೇಡ ಎಂದು ಎಲ್ಲರೂ ಹೇಳಿದರು. ಅಜ್ಜಿ ಬಾಳೆತೋಟಕ್ಕೆ ಹೋಗಿ ಒಣಗಿದ ಎಲೆ ಆರಿಸಿ ತಂದಳು. ಒಣ ಬಾಳೆಲೆಯಲ್ಲಿ ನಲವತ್ತೊಂದು ಪೊಟ್ಟಣ ಕಟ್ಟಿ, ಎಲ್ಲವನ್ನೂ ಒಂದು ಗೋಣಿಚೀಲದೊಳಗೆ ಇಳಿಸಿ, ಬಾಯಿ ಹೊಲಿದಳು.

ಕಿಗೋಮಾದಲ್ಲಿ ಅವಳನ್ನು ರೈಲಿಗೆ ಹತ್ತಿಸಿದ್ದು ಅಣ್ಣನ ಮಗ ಬೊನಿಫಾಸಿ. ಮೂರನೇ ದರ್ಜೆಯ ಬೋಗಿ. ಚೀಲವನ್ನು ತಲೆಯ ಮೇಲಿನ ಹಲಗೆಗೆ ಏರಿಸಿ, ಕಿಟಕಿಯ ಹೊರಗೆ ನಿಂತು ಬುದ್ಧಿ ಹೇಳಿದ.

"ಸೋದರತ್ತೆ, ಯಾರ ಹತ್ರಾನೂ ಮಾತಾಡ್ಬೇಡ. ಯಾರು ಏನು ಕೊಟ್ರೂ ತಿನ್ಬೇಡ. ಮದ್ದು ಹಾಕಿ ಮಲಗಿಸಿ ಸಾಮಾನು ಹೊಡಕೊಂಡು ಹೋಗ್ತಾರೆ. ಚೀಲದ ಮೇಲೆ ಕಣ್ಣಿರ್ಲಿ."

ಅಜ್ಜಿ ಇದನ್ನು ಚೆನ್ನಾಗಿ ಪಾಲಿಸಿದಳು. ಎದುರು ಸೀಟಿನಲ್ಲಿ ಕಿಗೋಮಾ ಪಕ್ಕದ ಉಜೀಜಿಯ ಸಿವೇಮಾ ಎಂಬವಳು ಕೂತಿದ್ದಳು. ಸರೋವರದ ಒಣಮೀನು ತುಂಬಿದ ಎರಡು ಮೂಟೆಗಳನ್ನು ದೊಡೋಮಾದಲ್ಲಿ ಮಾರಲು ಒಯ್ಯುತ್ತಿದ್ದಳು. ಭಾರಿ ಮೈ, ಅದಕ್ಕಿಂತ ಭಾರಿ ಗಂಟಲು. ರೈಲು ಹೊರಟ ಒಂದು ಗಂಟೆಯೊಳಗೆ ಅರ್ಧ ಬೋಗಿಯವರ ಹೆಸರು ಅವಳಿಗೆ ಗೊತ್ತಾಗಿತ್ತು. ಡಬ್ಬಿ ಬಿಚ್ಚಿ, ಹುರಿದ ಮೀನು ಮತ್ತು ಮರಗೆಣಸನ್ನು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಬೇಡವೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು.

"ಹೊಟ್ಟೆ ಸರಿ ಇಲ್ವಾ ಅಜ್ಜಿ? ಇಲ್ಲಾ ನಾನು ಮದ್ದು ಹಾಕಿದೀನಿ ಅಂತ ಯಾರಾದ್ರೂ ಹೇಳಿ ಕಳ್ಸಿದ್ದಾರಾ?" ಎಂದಳು ಸಿವೇಮಾ. ಅಜ್ಜಿಯ ಕಿವಿ ಬಿಸಿಯಾಯಿತು. ಆದರೂ ಬಾಯಿ ತೆರೆಯಲಿಲ್ಲ. ಮನೆಯ ಮಾತು ಕಿಹಾ ಬಿಟ್ಟರೆ ಸಂತೆಗೆ ಬೇಕಾಗುವಷ್ಟು ಸ್ವಾಹಿಲಿ ಮಾತ್ರ ಅವಳಿಗೆ ಬರುತ್ತಿದ್ದುದು.

ಆ ರಾತ್ರಿಯೆಲ್ಲ ಕುಳಿತೇ ತೂಕಡಿಸಿದಳು. ಶೌಚಕ್ಕೆ ಹೋಗುವಾಗಲೂ ಚೀಲವನ್ನು ಇಳಿಸಿ ತಲೆಯ ಮೇಲೆ ಹೊತ್ತುಕೊಂಡೇ ಹೋದಳು. ಬಾಗಿಲು ಚಿಕ್ಕದು. ಚೀಲ ಒಳಗೆ ಹೋದರೆ ಅಜ್ಜಿ ಹೊರಗೆ, ಅಜ್ಜಿ ಒಳಗೆ ಹೋದರೆ ಚೀಲ ಹೊರಗೆ. ಕೊನೆಗೆ ಏನೂ ಆಗದೆ ಹಿಂದೆ ಬಂದು ಕೂತಳಂತೆ. ಇದನ್ನು ನನಗೆ ಹೇಳುವಾಗ ಅವಳೇ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಬೆಳಗಾದಾಗ ಟಬೋರಾ. ಅಲ್ಲಿ ಎಂಜಿನ್ ಬದಲಾಯಿತು. ಚಹಾ, ಜೇನು, ಬೇಯಿಸಿದ ಮೊಟ್ಟೆ ಮಾರುವವರು ಬಂದು ಹೋದರು. ಮಸುಂಗಾ ಎಂಬ ಎತ್ತರದ ಮುದುಕ ಹತ್ತಿ ಅಜ್ಜಿಯ ಪಕ್ಕದಲ್ಲಿ ಕೂತ. ಸುಕುಮಾ ಜನದವನು, ದನದ ವ್ಯಾಪಾರಿ, ಅಗಲ ಅಂಚಿನ ಚರ್ಮದ ಟೋಪಿ. ರೈಲು ಊರು ಬಿಟ್ಟು ಕಾಡಿಗೆ ಹೊಕ್ಕಿತು. ಸೂರ್ಯ ಇನ್ನೂ ಕಿಟಕಿಯ ಮಟ್ಟದಲ್ಲಿದ್ದ. ಹಳಿಯ ಮೇಲೆ ದನಗಳ ಹಿಂಡು ಬಂದು ನಿಂತಿತ್ತೆಂದು ಆಮೇಲೆ ತಿಳಿಯಿತು. ಒಮ್ಮೆಲೇ ಬ್ರೇಕು ಬಿತ್ತು. ನಿಂತವರು ಕೂತವರ ಮೇಲೆ ಬಿದ್ದರು. ಹಲಗೆಯ ಮೇಲಿನ ಗೋಣಿಚೀಲ ಜಾರಿ, ಮಸುಂಗಾನ ಟೋಪಿಗೆ ಬಡಿದು, ಸೀಟಿನ ಕಬ್ಬಿಣದ ಅಂಚಿಗೆ ಸಿಕ್ಕಿ ಉದ್ದಕ್ಕೆ ಸೀಳಿತು.

ಬಾಳೆಲೆ ಪೊಟ್ಟಣಗಳು ಒಡೆದವು. ಕಾಳುಗಳು ಆಲಿಕಲ್ಲಿನ ಸದ್ದಿನಲ್ಲಿ ಸುರಿದು, ರೈಲು ಮತ್ತೆ ಚಲಿಸಿದಾಗ ಹಿಂದಕ್ಕೆ, ನಿಂತಾಗ ಮುಂದಕ್ಕೆ ಹೊರಳುತ್ತ ಇಡೀ ಬೋಗಿಯ ತುಂಬ ಹರಡಿದವು. ಸೀಟಿನ ಕೆಳಗೆ, ಮೂಟೆಗಳ ಸಂದಿಗೆ, ಮಲಗಿದ್ದವರ ಚಪ್ಪಲಿಯೊಳಗೆ. ಕಪ್ಪು, ಬಿಳಿ, ಹಳದಿ, ನೇರಳೆ, ಮಚ್ಚೆಯದು, ಪಟ್ಟೆಯದು, ಎಲ್ಲವೂ ಒಂದರೊಳಗೊಂದು ಸೇರಿಹೋದವು.

ಅಜ್ಜಿ ಅಳಲಿಲ್ಲ. ನೆಲಕ್ಕೆ ಇಳಿದು, ಮೊಣಕಾಲೂರಿ, ಒಂದೊಂದೇ ಕಾಳನ್ನು ಹೆಕ್ಕಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಮಸುಂಗಾ ಬಗ್ಗಿ ಒಂದು ಹಿಡಿ ಬಾಚಿಕೊಟ್ಟ. ಅಜ್ಜಿ ಅವನ ಕೈಯನ್ನು ತಳ್ಳಿದಳು.

"ಮುಟ್ಬೇಡಿ. ಯಾರೂ ಮುಟ್ಬೇಡಿ."

"ಸಾರಿಗೆ ಹಾಕೋ ಕಾಳು ತಾನೇ ತಾಯಿ," ಎಂದ ಮಸುಂಗಾ. "ಒಟ್ಟಿಗೆ ಬಾಚಿದ್ರಾಯ್ತು."

"ಸಾರಿಗಲ್ಲ," ಎಂದಳು ಅಜ್ಜಿ. ಮುಂದೆ ಹೇಳಲು ಸ್ವಾಹಿಲಿ ಸಿಗಲಿಲ್ಲ. ಇಷ್ಟು ಜಾತಿ, ಇಷ್ಟು ವರ್ಷ ಕಾಪಾಡಿದ್ದು, ಮೇಳಕ್ಕೆ ಹೇಗೆ ಇಡಲಿ ಎಂದು ಕಿಹಾದಲ್ಲೇ ತನಗೆ ತಾನೇ ಹೇಳಿಕೊಂಡಳು.

ಉಜೀಜಿಯ ಸಂತೆಯಲ್ಲಿ ಬೆಳೆದ ಸಿವೇಮಾಗೆ ಕಿಹಾ ಅರ್ಥವಾಗುತ್ತಿತ್ತು. ಅವಳು ಸೀಟಿನಿಂದ ಇಳಿದು, ಆ ದೊಡ್ಡ ಮೈಯನ್ನು ನೆಲದ ಮೇಲೆ ಕೂರಿಸಿ, ಅಜ್ಜಿಯ ಮುಖಕ್ಕೆ ಮುಖ ಕೊಟ್ಟು ಕಿಹಾದಲ್ಲೇ ಕೇಳಿದಳು.

"ಎಷ್ಟು ಜಾತಿ ಅಂದೆ?"

"ನಲವತ್ತೊಂದು."

"ಯಾವತ್ತಿಗೆ ಬೇಕು?"

"ನಾಳೆ ಬೆಳಿಗ್ಗೆ ಹತ್ತಕ್ಕೆ."

ಸಿವೇಮಾ ಬೋಗಿಯ ಉದ್ದಕ್ಕೂ ಕಣ್ಣಾಡಿಸಿದಳು. "ನೋಡಜ್ಜಿ, ದೊಡೋಮಾಕ್ಕೆ ಇನ್ನು ಹತ್ತು ಗಂಟೆ ದಾರಿ. ನೀನೊಬ್ಳೇ ಆರಿಸ್ತೀನಿ ಅಂದ್ರೆ ಕ್ರಿಸ್‌ಮಸ್ ಬರುತ್ತೆ. ಇಲ್ಲಿ ಎಂಬತ್ತು ಜನ ಇದ್ದಾರೆ, ನೂರಾ ಅರವತ್ತು ಕೈ. ನಂಬೋದಾದ್ರೆ ನಂಬು. ಇಲ್ಲ ಅಂದ್ರೆ ನಾನು ಮೇಲೆ ಹೋಗಿ ಕೂತ್ಕೋತೀನಿ, ನನ್ನ ಮಂಡಿ ನೋಯ್ತಿದೆ."

ಅಜ್ಜಿ ಅವಳನ್ನೇ ನೋಡಿದಳು. ಬೊನಿಫಾಸಿ ಹೇಳಿದ್ದೆಲ್ಲ ತಲೆಯಲ್ಲಿ ಸುತ್ತಿತು. ಅದೇ ಹೊತ್ತಿಗೆ ಪಕ್ಕದ ಬೋಗಿಯ ಬಾಗಿಲು ತೆರೆದು ಟಿಕೆಟ್ ಪರೀಕ್ಷಕ ಚಿಲೊಂಗಾನಿ ಒಳಗೆ ಕಾಲಿಟ್ಟ. ಇಸ್ತ್ರಿ ಮಾಡಿದ ಸಮವಸ್ತ್ರ, ಮಿಂಚುವ ಬೂಟು. ಬೂಟಿನಡಿ ಕಾಳು ಕಟಕ್ಕೆಂದಿತು.

"ನಿಂತ್ಕೊಳ್ಳಿ ಅಲ್ಲೇ," ಎಂದು ಅಜ್ಜಿ ಕೂಗಿದಳು. ಸಂತೆಯ ಸ್ವಾಹಿಲಿಯಲ್ಲಿ, ಆದರೆ ಇಡೀ ಬೋಗಿ ತಿರುಗಿ ನೋಡುವ ಹಾಗೆ. ಚಿಲೊಂಗಾನಿ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತ.

"ಏನಿದು ಗಲೀಜು? ಯಾರದಿದು?"

"ಸಾಹೇಬ್ರೆ, ಮೊದ್ಲು ಬೂಟು ಬಿಚ್ಚಿ, ಆಮೇಲೆ ಬೈಯಿರಂತೆ," ಎಂದಳು ಸಿವೇಮಾ. ಬೋಗಿ ನಕ್ಕಿತು. ಅವಳು ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ನಿಧಾನವಾಗಿ ತಲೆಯಲ್ಲಾಡಿಸಿದಳು. ಆಗಲಿ ಎಂದು.

ಸಿವೇಮಾ ಸೀಟಿನ ಮೇಲೆ ಹತ್ತಿ ನಿಂತು ಎಲ್ಲರಿಗೂ ವಿಷಯ ಹೇಳಿದಳು. ಈ ಅಜ್ಜಿ ಕಸುಲು ಬೆಟ್ಟದಿಂದ ಬಂದವಳು, ನಲವತ್ತು ವರ್ಷ ಕಾಪಾಡಿದ ಬೀಜ ಇವು, ಮೇಳಕ್ಕೆ ಒಯ್ತಿದಾಳೆ, ನಮ್ಮ ಕಾಲ ಕೆಳಗೆ ಬಿದ್ದಿದೆ. "ಯಾರೂ ಕಾಲು ಕೆಳಗಿಡಬೇಡಿ. ಚಪ್ಪಲಿ ಒದರಿ. ಮಕ್ಕಳ ಬಾಯಿ ನೋಡಿ, ನುಂಗಿರ್ತಾರೆ. ಯಾರಾದ್ರೂ ಒಂದು ಕಾಳು ಜೇಬಿಗೆ ಹಾಕಿದ್ರೆ ನನ್ನ ಮೀನಿನ ಮೂಟೆ ಅವ್ರ ಮಡಿಲಲ್ಲಿ ಇಟ್ಕೊಂಡು ಬರ್ಬೇಕು, ದೊಡೋಮಾ ತನಕ."

ಮೊದಲು ಕಸ ಗುಡಿಸುವ ಹಾಗೆ ಎಲ್ಲವನ್ನೂ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಕಾಂಗಾ ಬಟ್ಟೆಗಳ ಮೇಲೆ ಬಾಚಿಕೊಂಡರು. ಆಮೇಲೆ ಆರಿಸುವ ಕೆಲಸ. ಇಲ್ಲಿ ಅಜ್ಜಿ ಬೇರೆಯೇ ಹೆಂಗಸಾದಳು. ನಿನ್ನೆಯಿಂದ ಬಾಯಿ ಬಿಡದವಳು ಬೋಗಿಯ ನಡುವೆ ನಿಂತು ಯಜಮಾನಿಕೆ ಮಾಡತೊಡಗಿದಳು. ಪ್ರತಿ ಎದುರುಬದುರು ಸೀಟಿಗೆ ಮೂರು ಜಾತಿ. ಒಂದೊಂದರ ಮಾದರಿ ಕಾಳನ್ನು ಅವರ ಅಂಗೈ ಮೇಲಿಟ್ಟು, ಇದರ ಹೊಕ್ಕುಳು ಹಳದಿ, ಅದರ ಹೊಕ್ಕುಳು ಬಿಳಿ, ಇದರ ಬೆನ್ನು ಚಪ್ಪಟೆ, ಅದು ಗುಂಡು ಎಂದು ತೋರಿಸಿ ಮುಂದಕ್ಕೆ ಹೋಗುತ್ತಿದ್ದಳು. ಸ್ವಾಹಿಲಿ ಸಿಗದಿದ್ದಾಗ ಸಿವೇಮಾ ಹಿಂದಿನಿಂದ ಹೇಳುತ್ತಿದ್ದಳು. ತಪ್ಪು ಹಾಕಿದವರ ಕೈಗೆ ಅಜ್ಜಿಯಿಂದ ಒಂದು ಪೆಟ್ಟು.

ತುಂಬಿಡಲು ಏನಿದೆ? ಊಟದ ಡಬ್ಬಿ ಬಂತು, ಸೋಡಾ ಬಾಟಲಿ ಬಂತು, ಊಟದ ಬೋಗಿಯಿಂದ ಹನ್ನೆರಡು ಚಹಾ ಲೋಟ ಬಂದವು, ಮಗುವಿನ ಉಣ್ಣೆ ಟೋಪಿ, ಒಗೆದ ಕಾಲುಚೀಲ, ಒಂದು ಸಾಬೂನಿನ ಪೆಟ್ಟಿಗೆ. ಸಿವೇಮಾ ತನ್ನ ಹೊಸ ಕಾಂಗಾವನ್ನು ಹಲ್ಲಿನಿಂದ ಕಚ್ಚಿ ಚೌಕ ಚೌಕವಾಗಿ ಹರಿದಳು.

"ಅಯ್ಯೋ, ಹೊಸದು ಕಣಮ್ಮ," ಎಂದಳು ಅಜ್ಜಿ.

"ಗಂಡ ಕೊಡಿಸಿದ್ದು. ಬಣ್ಣ ನಂಗೆ ಹಿಡಿಸಿರ್ಲಿಲ್ಲ."

ಎಲ್ಲಕ್ಕಿಂತ ಕಷ್ಟದ್ದು ಮಚ್ಚೆಯ ಕಾಳುಗಳು. ಹನ್ನೊಂದು ಜಾತಿ, ಎಲ್ಲವೂ ಅಕ್ಕತಂಗಿಯರ ಹಾಗೆ. ಹೆಂಗಸರೇ ಸೋತು ಕೈಬಿಟ್ಟರು. ಆಗ ಮಸುಂಗಾ ಒಂದು ಹಿಡಿ ತನ್ನ ಟೋಪಿಯೊಳಗೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅವನ ಮುಖ ಬದಲಾಯಿತು.

"ಇವು ದನ ಅಲ್ವಾ," ಎಂದ. "ಇದು ಬೆನ್ನ ಮೇಲೆ ಬೂದಿ ಚೆಲ್ಲಿದ ಹಸು. ಇದು ಪಕ್ಕೆ ಮಾತ್ರ ಕೆಂಪು ಇರೋ ಹೋರಿ. ಇದಕ್ಕೆ ಮೂತಿ ಹತ್ರ ಚುಕ್ಕಿ. ಐವತ್ತು ವರ್ಷದಿಂದ ಬೇರೆಯವರ ಹಿಂಡಲ್ಲಿ ನನ್ನ ದನ ಗುರುತು ಹಿಡಿದಿದೀನಿ ತಾಯಿ. ಇದನ್ನ ನನಗೆ ಬಿಡು."

ಮೂರು ತಾಸು ತಲೆ ಎತ್ತದೆ ಆರಿಸಿದ. ಅಜ್ಜಿ ಬಂದು ಹನ್ನೊಂದು ಗುಡ್ಡೆಗಳನ್ನೂ ಬೆರಳಾಡಿಸಿ ನೋಡಿದಳು. ಒಂದೇ ಒಂದು ಕಾಳನ್ನು ತೆಗೆದು ಪಕ್ಕದ ಗುಡ್ಡೆಗೆ ಹಾಕಿದಳು. ಮಸುಂಗಾ ಅದನ್ನು ಎತ್ತಿ ನೋಡಿ, "ಹೌದು, ಇದು ಕರು," ಎಂದು ಒಪ್ಪಿಕೊಂಡ.

ಇಟಿಗಿಯಲ್ಲಿ ರೈಲು ನಿಂತಾಗ ಯಾರೋ ಎಲ್ಲರಿಗೂ ಹುರಿದ ಕಡಲೆಕಾಯಿ ಕೊಡಿಸಿದರು. ಸಿವೇಮಾ ತನ್ನ ಡಬ್ಬಿ ಬಿಚ್ಚಿದಳು. ಈ ಸಲ ಏನೂ ಹೇಳದೆ ಅಜ್ಜಿಯ ಮುಂದಿಟ್ಟಳು. ಅಜ್ಜಿ ಕೈ ತೊಳೆದುಕೊಂಡು ಮೀನಿನ ತಲೆಯನ್ನೇ ಮೊದಲು ಮುರಿದಳು.

"ಮದ್ದು ಸ್ವಲ್ಪ ಕಮ್ಮಿ ಆಗಿದೆ," ಎಂದಳು. ಸಿವೇಮಾ ನಕ್ಕ ನಗೆಗೆ ಎರಡು ಗುಡ್ಡೆ ಕಲೆತುಹೋದವು.

ಚಿಲೊಂಗಾನಿ ತನ್ನ ಕೆಲಸ ಮುಗಿಸಿ, ಬರಿಗಾಲಲ್ಲೇ ಹಿಂದಕ್ಕೆ ಬಂದ. ಮಗಳ ಶಾಲೆಗೆಂದು ಕೊಂಡಿದ್ದ ನೋಟುಬುಕ್ಕಿನ ಹಾಳೆಗಳನ್ನು ಕತ್ತರಿಸಿ, ಅಜ್ಜಿ ಹೇಳಿದ ಹೆಸರುಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ. ‘ಕೆಸರಲ್ಲಿ ಬಿದ್ದ ಮದುಮಗಳು’ ಬಂದಾಗ ಪೆನ್ನು ನಿಲ್ಲಿಸಿ ಕೇಳಿದ. "ಇದು ನಿಜವಾದ ಹೆಸರಾ ಅಜ್ಜಿ, ಇಲ್ಲಾ ನನ್ನ ಆಟ ಆಡಿಸ್ತಿದೀರಾ?"

"ಅವ್ಳು ನಮ್ಮತ್ತೆಯ ತಂಗಿ," ಎಂದಳು ಅಜ್ಜಿ. "ಮದುವೆ ದಿನ ಬಿದ್ಲು. ಆ ವರ್ಷ ಸಿಕ್ಕಿದ ಕಾಳು."

ಒಂದೇ ಒಂದು ತೊಡಕು ಬಿಡಿಸಲಾಗಲಿಲ್ಲ. ‘ಬಾಣಂತಿ’ ಮತ್ತು ‘ಸುಳ್ಳುಗಾರ’ ಒಣಗಿದಾಗ ಅಚ್ಚು ಒಂದೇ. ಬೇಯಿಸಿದರೆ, ಇಲ್ಲವೇ ಬಿತ್ತಿ ಹೂವು ಬಂದರೆ ಮಾತ್ರ ತಿಳಿಯುತ್ತದೆ. ಪೊಟ್ಟಣದಲ್ಲಿ ಬೇರೆ ಬೇರೆ ಇದ್ದದ್ದಕ್ಕೇ ಅಜ್ಜಿಗೆ ಇಷ್ಟು ದಿನ ಗೊತ್ತಿತ್ತು. ಅರ್ಧರ್ಧ ಮಾಡಿ ಇಟ್ಟುಬಿಡು, ಯಾರಿಗೆ ತಿಳಿಯುತ್ತೆ ಎಂದು ಯಾರೋ ಹೇಳಿದರು. ಅಜ್ಜಿ ಎರಡನ್ನೂ ಒಂದೇ ಲೋಟಕ್ಕೆ ಸುರಿದು ಪಕ್ಕಕ್ಕಿಟ್ಟಳು.

ಹೊತ್ತು ಮುಳುಗುವಾಗ ದೊಡೋಮಾ. ಕರೆದೊಯ್ಯಲು ಬರುತ್ತೇನೆಂದಿದ್ದ ಇಲಾಖೆಯ ಹುಡುಗಿ ನಿಲ್ದಾಣದಲ್ಲಿ ಕಾಣಲಿಲ್ಲ. ಇನ್ನೊಂದು ಊರಿನಲ್ಲಿ ಅವಳ ಬಸ್ಸು ಕೆಟ್ಟು ನಿಂತಿತ್ತಂತೆ. ಅಜ್ಜಿಗೆ ಹೆದರಲು ಪುರುಸೊತ್ತೇ ಸಿಗಲಿಲ್ಲ. ಕಾಳಿನ ಗಂಟುಗಳು ಆಗಲೇ ಮಸುಂಗಾನ ಹೆಗಲೇರಿದ್ದವು. ಸಿವೇಮಾ ತನ್ನ ಮೀನು ಕೊಳ್ಳುವ ಗೆಳತಿಯ ಮನೆಗೆ ಅವಳನ್ನು ಕರೆದೊಯ್ದು, ಬಿಸಿನೀರು ಕೊಟ್ಟು, ಹಾಸಿಗೆಯ ಗೋಡೆ ಕಡೆ ಮಲಗಿಸಿದಳು.

ಬೆಳಿಗ್ಗೆ ಒಂಬತ್ತೂವರೆಗೆ ಮೇಳದ ಮೈದಾನ. ಪಕ್ಕದ ಮೇಜುಗಳಲ್ಲಿ ಗಾಜಿನ ಜಾಡಿಗಳು, ಅಚ್ಚು ಹಾಕಿಸಿದ ಬಣ್ಣದ ಫಲಕಗಳು. ಅಜ್ಜಿಯ ಮೇಜಿನ ಮೇಲೆ ಚಹಾ ಲೋಟ, ಕಾಲುಚೀಲ, ಮಗುವಿನ ಟೋಪಿ, ಕಾಂಗಾ ತುಂಡು, ಚರ್ಮದ ಟೋಪಿ. ಟೋಪಿ ಬಿಟ್ಟು ಹೋಗಲು ಮಸುಂಗಾ ತಯಾರಿರಲಿಲ್ಲ, ಹಾಗಾಗಿ ತಾನೂ ಅಲ್ಲೇ ನಿಂತ. ಪಕ್ಕದ ಮೇಜಿನವನು ನೋಡಿ, "ಇದೇನು, ಹಳೇ ಸಾಮಾನಿನ ಅಂಗಡಿನಾ?" ಎಂದ. ಮಸುಂಗಾ ಅವನ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟ. ಅವನು ತನ್ನ ಜಾಡಿ ಒರೆಸಲು ಹೋದ.

ಮೂವರು ತೀರ್ಪುಗಾರರು ಬಂದರು. ನಡುವಿನ ಹೆಂಗಸು ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದುತ್ತ ಬಂದಳು. ಕೊನೆಯಲ್ಲಿ ಚೀಟಿಯಿಲ್ಲದ ಲೋಟ ಕಂಡಿತು.

"ಇದಕ್ಕೆ ಹೆಸರಿಲ್ವಾ?"

"ಎರಡು ಹೆಸರಿದೆ," ಎಂದಳು ಅಜ್ಜಿ. ರೈಲಿನಲ್ಲಿ ಆದದ್ದನ್ನು ಹೇಳಿದಳು. ಚೆಲ್ಲಿದ್ದು, ಜನ ಆರಿಸಿದ್ದು, ಈ ಎರಡು ಮಾತ್ರ ತನಗೇ ಗುರುತು ಸಿಗದೆ ಉಳಿದದ್ದು. "ನಲವತ್ತೊಂದು ಅಂತ ಬರೆಸಿದ್ದೆ. ಮೂವತ್ತೊಂಬತ್ತು ಅಂತ ತಿದ್ಕೊಳ್ಳಿ. ಇದನ್ನ ಬಿತ್ತಿ ಹೂ ಬಂದ್ಮೇಲೆ ಬೇರೆ ಮಾಡ್ತೀನಿ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಿ ಬೀಜ ಕೊಡಬಾರ್ದು."

ಆ ಹೆಂಗಸು ಕನ್ನಡಕ ತೆಗೆದಳು. "ಉಳಿದವನ್ನ ಬರೀ ರೈಲಿನ ಪ್ರಯಾಣಿಕರು ಆರಿಸಿದ್ರಾ?"

"ಬರೀ ಅನ್ಬೇಡಿ," ಎಂದಳು ಅಜ್ಜಿ.

ತೀರ್ಪುಗಾರರು ಒಂದು ಗಂಟೆ ಅದೇ ಮೇಜಿನ ಹತ್ತಿರ ನಿಂತರು. ಒಂದೊಂದು ಕಾಳು ಎತ್ತಿ ಕೇಳಿದರು. ಯಾವ ಮಣ್ಣು, ಎಷ್ಟು ದಿನ, ಮಳೆ ತಪ್ಪಿದರೆ ಯಾವುದು ನಿಲ್ಲುತ್ತದೆ, ಎಲೆಗೆ ರೋಗ ಬಂದ ವರ್ಷ ಯಾವುದು ಉಳಿಯಿತು. ಅಜ್ಜಿ ಒಂದಕ್ಕೂ ತಡವರಿಸಲಿಲ್ಲ. ಸಿವೇಮಾ ಪಕ್ಕದಲ್ಲಿ ನಿಂತು ಕಿಹಾವನ್ನು ಸ್ವಾಹಿಲಿ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮೀನು ಯಾರು ಮಾರಿದರೋ ದೇವರೇ ಬಲ್ಲ.

ಮಾರನೆಯ ದಿನ, ಎಂಟನೇ ತಾರೀಕು, ಧ್ವನಿವರ್ಧಕದಲ್ಲಿ ಮೊದಲ ಬಹುಮಾನದ ಹೆಸರು ಕೂಗಿದರು. ಹೆಸರನ್ನು ತಪ್ಪಾಗಿ ಕೂಗಿದ್ದರಿಂದ ಅಜ್ಜಿಗೆ ತನ್ನದೆಂದು ತಿಳಿಯಲಿಲ್ಲ. ಬೇರೆ ಯಾರೋ ಎಂದುಕೊಂಡು ಚಪ್ಪಾಳೆ ತಟ್ಟುತ್ತ ಕೂತಿದ್ದಳು. ಸಿವೇಮಾ ಅವಳ ಎರಡೂ ತೋಳು ಹಿಡಿದು ಎಬ್ಬಿಸಿದಳು.

"ನಿಂಗೇ ನೀನು ಚಪ್ಪಾಳೆ ಹೊಡ್ಕೊಂಡಿದ್ದು ಸಾಕು ಅಜ್ಜಿ. ನಡಿ."

ಅಜ್ಜಿ ಜನರ ನಡುವೆ ನಡೆದಳು. ಮೊದಲು ಸಿವೇಮಾ, ಆಮೇಲೆ ಅವಳ ಗೆಳತಿ, ಆಮೇಲೆ ಎಲ್ಲೆಲ್ಲೋ ನಿಂತಿದ್ದ ಹೆಂಗಸರು ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದರು. ಅವರಲ್ಲಿ ಬೋಗಿಯವರು ಹತ್ತು ಹದಿನೈದು ಮಂದಿ ಇದ್ದರು. ಸುದ್ದಿ ಹೇಗೆ ಮುಟ್ಟಿತೋ, ಕೆಲಸ ಬಿಟ್ಟು ಬಂದಿದ್ದರು. ರಜೆಯಲ್ಲಿದ್ದ ಚಿಲೊಂಗಾನಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ವೇದಿಕೆಯ ಮೇಲೆ ಬಹುಮಾನದ ಕಪ್ಪು, ಪ್ರಮಾಣಪತ್ರ ಕೊಟ್ಟರು. ಕಸುಲುವಿನಲ್ಲಿ ಅಜ್ಜಿಯ ಕೈಕೆಳಗೆ ಒಂದು ಬೀಜದ ಮನೆ ಕಟ್ಟಿಸುತ್ತೇವೆ, ಬೇಕಾದ ರೈತರಿಗೆಲ್ಲ ಅಲ್ಲಿಂದಲೇ ಬೀಜ ಹೋಗಲಿ ಎಂದು ಘೋಷಿಸಿದರು. ಏನಾದರೂ ಮಾತಾಡು ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು.

ಅಜ್ಜಿ ಕಿಹಾದಲ್ಲೇ ಮಾತಾಡಿದಳು, ತಲೆ ಎತ್ತಿ.

"ಯಾರನ್ನೂ ನಂಬಬೇಡ ಅಂತ ಹೇಳಿ ಕಳಿಸಿದ್ರು. ನಂಬಿದೆ. ಹೆಸರು ಕೇಳೋಕೂ ಆಗದಷ್ಟು ಜನ ಮಂಡಿಯೂರಿ ನನ್ನ ಕಾಳು ಹೆಕ್ಕಿದ್ರು. ಇವತ್ತು ಇಲ್ಲಿ ಬಂದಿರೋರು ಮುಂದೆ ಬನ್ನಿ. ಒಬ್ಬೊಬ್ರಿಗೂ ಒಂದೊಂದು ಹಿಡಿ. ನೀವು ಆರಿಸಿದ್ದು ಯಾವ್ದೋ ಅದನ್ನೇ ತಗೊಳ್ಳಿ. ಬಿತ್ತಿ. ಬಿತ್ತೋಕೆ ಜಾಗ ಇಲ್ದಿದ್ರೆ ಇನ್ನೊಬ್ರಿಗೆ ಕೊಡಿ."

ಸಿವೇಮಾ ಅದನ್ನು ಸ್ವಾಹಿಲಿಯಲ್ಲಿ ಹೇಳಿ ಮುಗಿಸುವ ಮೊದಲೇ ಮಸುಂಗಾ ಟೋಪಿ ಚಾಚಿಕೊಂಡು ಮುಂದೆ ಬಂದ. "ಹನ್ನೊಂದೂ ಬೇಕು," ಎಂದ. "ಹಿಂಡು ಒಡೆಯೋದು ನಂಗೆ ಒಗ್ಗಲ್ಲ."

ಆ ಊರಿನ ಗೋಗೋ ಜನದ ಹೆಂಗಸರು ಡೋಲುಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಬಾರಿಸಲು ಶುರುಮಾಡಿದರು. ಅಜ್ಜಿ ಬಹುಮಾನದ ಕಪ್ಪನ್ನು, ನೀರಿನ ಕೊಡ ಹೊರುವ ಹಾಗೆ, ತಲೆಯ ಮೇಲಿಟ್ಟುಕೊಂಡಳು. ಕೈ ಬಿಟ್ಟಳು. ಅರವತ್ತಮೂರರ ಸೊಂಟವನ್ನು ಡೋಲಿಗೆ ಕೊಟ್ಟು ವೇದಿಕೆಯಿಂದ ಇಳಿದು, ಧೂಳಿನ ಮೈದಾನದಲ್ಲಿ ಕುಣಿಯುತ್ತ ಒಂದು ಸುತ್ತು ಬಂದಳು. ಕಪ್ಪು ಅಲುಗಲಿಲ್ಲ. ಎರಡನೇ ಸುತ್ತಿಗೆ ಇಡೀ ಬೋಗಿ ಅವಳ ಹಿಂದೆ ಸಾಲುಗಟ್ಟಿತ್ತು.